ವಿನಿಪೆಗ್ ಹಿಮದಲ್ಲಿ ರೇಷ್ಮೆ ಸೀರೆ

ಅಮೆರಿಕದ ಸ್ಕೋಕಿ ಎಂಬ ಊರಿನ ಒಂದು ಅಂಗಡಿಯಲ್ಲಿ ಜನರ ಮನೆಯ ಹಳೇ ಫಿಲ್ಮ್ ರೀಲುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವುದು ನನ್ನ ಕೆಲಸ. ಸಾಮಾನ್ಯವಾಗಿ ಗಿರಾಕಿಗಳು ರೀಲು ಕೊಟ್ಟು ಹೋಗಿಬಿಡುತ್ತಾರೆ. ಮೈಸೂರು ಕಡೆಯ ಈ ಆಂಟಿ ಮಾತ್ರ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಮದುವೆಯಾದ ಹೊಸತರಲ್ಲಿ ಅವರು ಕೆನಡಾದ ವಿನಿಪೆಗ್‌ನಲ್ಲಿದ್ದರಂತೆ. ಫಿಲ್ಮ್ ತೆಗೆದವರು ಅವರ ಯಜಮಾನರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಪರದೆಯ ಮೇಲೆ ಅಗಲವಾದ ಬೀದಿ, ಹೊಗೆ ಬಿಡುವ ಬಸ್ಸು, ಮೊಣಕಾಲುದ್ದ ಹಿಮ. ಅದರ ನಡುವೆ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕೋಟಿಲ್ಲದೆ ನಗುತ್ತ ನಿಂತಿದ್ದಳು.

"ನೀವೇನಾ ಆಂಟಿ? ಕೋಟೆಲ್ಲಿ?"

"ನಾನೇ. ಊರಿಗೆ, ಅತ್ತೆಗೆ ತೋರಿಸೋಕೆ ತೆಗೆದಿದ್ದು ಅದು. ಕೋಟು ಹಾಕ್ಕೊಂಡ್ರೆ ಅವರು ಕೊಟ್ಟ ಸೀರೆ ಕಾಣಲ್ವಲ್ಲಪ್ಪ."

ಅಷ್ಟರಲ್ಲಿ ಚಿತ್ರ ಅಡ್ಡಾದಿಡ್ಡಿ ಅಲುಗಾಡಿತು. ಹಿಮ, ಒಂದು ಬೂಟು, ಆಕಾಶ, ಮತ್ತೆ ಹಿಮ. ಇಂಥದ್ದನ್ನೆಲ್ಲ ಕತ್ತರಿಸುವುದು ನಮ್ಮ ರೂಢಿ. "ಇದನ್ನ ಕಟ್ ಮಾಡ್ತೀನಿ" ಎಂದೆ.

ಆಂಟಿ ನನ್ನ ಕೈ ಹಿಡಿದುಬಿಟ್ಟರು. "ಬೇಡಪ್ಪ. ನಂಗೆ ಕೋಟು ಹೊದಿಸೋಕೆ ಓಡಿ ಬರ್ತಿದಾರೆ ಅವರು. ಗಾಬರೀಲಿ ಕ್ಯಾಮೆರಾ ಆಫ್ ಮಾಡೋದೇ ಮರೆತಿದಾರೆ ನೋಡು."

ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ಅಷ್ಟೂ ರೀಲುಗಳಲ್ಲಿ ಯಜಮಾನರು ಸಿಕ್ಕಿದ್ದು ಅಲ್ಲೊಂದೇ ಕಡೆ, ಅದೂ ಬರೀ ಒಂದು ಬೂಟು.

ಅಲುಗಾಡಿದ ಭಾಗವನ್ನು ಉಚಿತವಾಗಿ ತೆಗೆದುಕೊಡುತ್ತೇವೆ ಎಂಬ ಬೋರ್ಡು ಅಂಗಡಿಯಲ್ಲಿ ಈಗಲೂ ಇದೆ. ನಾನು ಮಾತ್ರ ಕತ್ತರಿಸುವ ಮೊದಲು ಕೇಳುತ್ತೇನೆ, ಕ್ಯಾಮೆರಾ ಯಾರ ಕೈಯಲ್ಲಿತ್ತು ಅಂತ.