ಹಿತ್ತಲಿನ ಪ್ರೆಸೆಂಟ್ ಪರ್ಫೆಕ್ಟ್

ಎಪ್ಪತ್ತರ ದಶಕದ ಕೊನೆಯಲ್ಲಿ ಜಯನಗರದ ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಔಟ್‌ಹೌಸ್ ಇತ್ತು. ಅದರಲ್ಲಿದ್ದವಳು ನನಗಿಂತ ತುಸು ಚಿಕ್ಕವಳು. ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಆಕೆಯ ಗಂಡ ಜಾಂಡೀಸ್ ಆಗಿ ತೀರಿಕೊಂಡರು. ಅವರ ಜಾಗದಲ್ಲಿ ಆಕೆಗೆ ಕೆಲಸ ಕೊಡುತ್ತೇವೆ, ಆದರೆ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಇರುತ್ತದೆ ಎಂದು ಕಾರ್ಖಾನೆಯವರು ತಿಳಿಸಿದ್ದರು. ಕೆಲಸ ಸಿಗದಿದ್ದರೆ ಮಗಳನ್ನು ಸ್ಕೂಲು ಬಿಡಿಸಿ ಅರೆಕೆರೆಯ ಅಣ್ಣನ ಮನೆ ಸೇರಬೇಕು. ಅರೆಕೆರೆ ಆಗಿನ್ನೂ ಹಳ್ಳಿ.

ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಧೈರ್ಯದಿಂದ ಆಕೆ ನನ್ನ ಬಳಿ ಬಂದಳು. ಇಂಗ್ಲಿಷ್ ಓದಲು ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಸಂಜೆ ಮೊರದಲ್ಲಿ ಅಕ್ಕಿ ತಂದು ಹಿತ್ತಲಲ್ಲಿ ಆರಿಸುತ್ತ ಕೂರುವಳು. ನಮ್ಮ ಸಿಸ್ಟರ್ ಕಲಿಸಿದ ಹಾಗೆ ನಾನೂ ವರ್ಬಿನ ಮೂರು ರೂಪಗಳನ್ನು ರಾಗವಾಗಿ ಹೇಳಿಸುತ್ತಿದ್ದೆ. ಈಟ್, ಏಟ್, ಈಟನ್. ಗೋ, ವೆಂಟ್, ಗಾನ್. ಪ್ರೆಸೆಂಟ್ ಪರ್ಫೆಕ್ಟ್ ಬಂದಾಗ ಆಕೆಗೆ ದಾರಿ ಸಿಕ್ಕಿತು. ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಮೂರನೆಯ ರೂಪ. ಕೆಲಸ ಮುಗಿದಿದೆ, ಅದರ ಫಲ ಕಣ್ಣೆದುರಿಗಿದೆ. ನಾವು ‘ತೊಳೆದಿದ್ದೀನಿ’ ಅನ್ನುತ್ತೇವಲ್ಲ, ಹಾಗೇ ಎಂದೆ. ಅಂದಿನಿಂದ ಮನೆಗೆಲಸವೆಲ್ಲ ನನಗೆ ರಿಪೋರ್ಟ್ ಆಗತೊಡಗಿತು: ಐ ಹ್ಯಾವ್ ವಾಷ್ಡ್ ದಿ ವೆಸೆಲ್ಸ್, ಐ ಹ್ಯಾವ್ ಕಟ್ ದಿ ಬೀನ್ಸ್.

“ಅಕ್ಕ, ಮಾಡಿರೋ ಕೆಲಸಾನೆಲ್ಲ ಹಿಂಗೆ ಒಪ್ಪಿಸ್ಬೇಕು ಅಂದ್ರೆ, ಈ ಟೆನ್ಸು ನಮ್ಮತ್ತೆಗೇ ಸರಿ” ಎಂದಳು ಒಂದು ದಿನ. ಗಂಡ ಹೋದ ಮೇಲೆ ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಯ ವಾರ ನಾನೇ ಆಫೀಸರ್ ಆಗಿ ಕೂತು ಪ್ರಶ್ನೆ ಕೇಳಿದೆ. ಊರು, ಓದು, ಮಗಳು, ಎಲ್ಲ ಆಯಿತು. ಗಂಡನ ವಿಷಯ ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ಅದನ್ನು ಕೈಂಡ್‌ನೆಸ್ ಅಂದುಕೊಂಡಿದ್ದೆ.

ಇಂಟರ್‌ವ್ಯೂಗೆ ಜೊತೆಯಲ್ಲಿ ಹೋಗಿ ಹೊರಗೆ ಬೆಂಚಿನ ಮೇಲೆ ಕೂತೆ. ಐದು ನಿಮಿಷಕ್ಕೇ ಆಕೆ ಹೊರಗೆ ಬಂದಳು. ಮೊದಲ ಪ್ರಶ್ನೆಯೇ ಗಂಡನ ಹೆಸರಂತೆ. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಮನೆ ಅವರದು. ಆಕೆಗೆ ಅವರು ಯಾವತ್ತೂ ‘ನಮ್ಮನೆಯವರು’. ಎರಡು ಸಲ ಕೇಳಿದಾಗಲೂ ತಲೆ ತಗ್ಗಿಸಿ ಕೂತಿದ್ದಾಳೆ. ಇಂಗ್ಲಿಷೇ ಬರುವುದಿಲ್ಲವೆಂದು ತಿಳಿದು ಆಫೀಸರು ಕಳಿಸಿಬಿಟ್ಟಿದ್ದಾರೆ.

ಚೀಟಿಯಲ್ಲಿ ಬರೆದುಕೊಡು ಎಂದು ಪರ್ಸಿನಿಂದ ಪೆನ್ನು ತೆಗೆದೆ. ಆಕೆ ಅದನ್ನು ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು, ತಾನೇ ಬಾಗಿಲು ತಳ್ಳಿ ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ.

“ಸರ್, ಐ ಹ್ಯಾವ್ ನೆವರ್ ಸೆಡ್ ಹಿಸ್ ನೇಮ್.”

ಅವರ ಹೆಸರನ್ನು ಈವರೆಗೆ ಹೇಳಿದ್ದೇ ಇಲ್ಲ ಎಂದು. ನಾನು ಹೇಳಿಕೊಡದ ವಾಕ್ಯ. ಆಮೇಲೆ ಹೆಸರು ಹೇಳಿದಳು, ಇನಿಷಿಯಲ್ ಸಮೇತ. ಒಳಗೆ ಒಂದು ಕುರ್ಚಿ ಎಳೆದ ಸದ್ದಾಯಿತು. ಆಫೀಸರು ಕೂರಲು ಹೇಳಿದರು. ಉಳಿದ ಪ್ರಶ್ನೆಗಳಿಗೆಲ್ಲ ಆಕೆ ತಡವರಿಸದೆ ಉತ್ತರಿಸಿದಳು. ಮುಂದಿನ ಒಂದನೇ ತಾರೀಖಿನಿಂದ ಬರಲು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಮಗಳ ಸ್ಕೂಲು ಉಳಿಯಿತೆಂದು ನಾನೊಬ್ಬಳೇ ಮಾತಾಡುತ್ತಿದ್ದೆ. ಆಕೆ ಕಿಟಕಿಯ ಕಡೆ ತಿರುಗಿದ್ದಳು. ವಿಲ್ಸನ್ ಗಾರ್ಡನ್ ದಾಟಿದ ಮೇಲೆ ಮೆಲ್ಲಗೆ ಹೇಳಿದಳು.

“ಆಯುಷ್ಯ ಕಮ್ಮಿ ಆಗತ್ತೆ ಅಂತ ಮದ್ವೆ ಆದಾಗಿಂದ ಬಾಯಿ ಕಟ್ಕೊಂಡಿದ್ದೆ ಅಕ್ಕ. ಇವತ್ತು ಹೆಸರು ಹೇಳಿದ್ಮೇಲೇನೇ ಅವ್ರು ಹೋದ್ರು ಅನ್ನಿಸ್ತು.”

ನಮ್ಮ ಸ್ಟಾಪ್ ಬಂದು ಹೋಯಿತು. ಇಬ್ಬರೂ ಏಳಲಿಲ್ಲ.