ಭಾವನ ವಿಮಾನಕ್ಕೆ ನಾನು ಮಾಡಿದ ಗಾಳಿಬಾಯಿ

ತಪ್ಪು ನನ್ನದು ಎಂದು ಅವತ್ತೇ, ಅಲ್ಲೇ, ಎಲ್ಲರ ಮುಂದೆ ಹೇಳಿಬಿಟ್ಟೆ. ಒಬ್ಬರೂ ಒಪ್ಪಲಿಲ್ಲ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ಕೆನ್ನೆಗೆರಡು ಬಾರಿಸಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ನಮ್ಮ ಮನೆಯವರೋ, ಬಡಿಸಿದ ಮುದ್ದೆಗೆ ಇನ್ನೊಂದು ಸೌಟು ಸಾರು ಹಾಕಿ, "ತಿನ್ನು, ಆಗಿದ್ದು ಆಗೋಯ್ತು" ಅಂದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ರಾಯಲ್ಪಾಡಿನವರು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸು ಓಡಿಸುತ್ತಿದ್ದರು. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಇಂಜಿನ್ ಕೈಕೊಟ್ಟರೆ ಎರಡರಲ್ಲೂ ಬೈಗುಳ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಮನೆಯಲ್ಲೇ ವಿಮಾನ ಕಟ್ಟುವ ನಕ್ಷೆ ಅವರ ಕಣ್ಣಿಗೆ ಬಿತ್ತು. ಆಮೇಲೆ ಅವರನ್ನು ಹಿಡಿಯುವವರು ಯಾರು! ಹೋಳೂರಿನ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಿಂದ ಎಮ್ಮೆಯನ್ನು ಹೊರಗೆ ಕಟ್ಟಿಸಿ ವಿಮಾನವನ್ನು ಒಳಗೆ ಕಟ್ಟಿದರು. ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ಮೂತಿಗೆ ಒಂದು ಹಳೇ ಕಾರಿನ ಇಂಜಿನ್. ದೇಶ ಸುತ್ತುವ ಆಸೆಯೇನೂ ಅವರಿಗಿರಲಿಲ್ಲ. ಊರ ಗೋಮಾಳದ ಈ ತುದಿಯಿಂದ ಆ ತುದಿಗೆ, ಒಂದು ತೆಂಗಿನಮರದ ಎತ್ತರಕ್ಕೆ ಹಾರಿದರೆ ಸಾಕಿತ್ತು.

ನಾನು ಕೋಲಾರದಲ್ಲಿ ನೀರೆತ್ತುವ ಆಯಿಲ್ ಇಂಜಿನ್ ರಿಪೇರಿ ಮಾಡುತ್ತಿದ್ದೆ. "ರೆಕ್ಕೆ ನಂದು, ಇಂಜಿನ್ನಿನ ಉಸಿರು ನಿಂದು ಕಣೋ" ಅಂದರು ಭಾವ. ಅಕ್ಕ ಆಗ ಬಸುರಿ, ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಗಂಡ ಹಾರುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. "ಇಂಜಿನ್ ನಿಲ್ಲಲ್ಲ ಅಂತ ನೀನು ಹೇಳು, ಒಪ್ಕೋತೀನಿ" ಅಂದಳು. ನಾನು ಹೇಳಿದೆ. ಎಷ್ಟು ಸಲೀಸಾಗಿ ಹೇಳಿದೆ, ಅಯ್ಯೋ!

ಗೋಮಾಳದ ಕೆಂಪು ಧೂಳೇ ನಮ್ಮ ಮೊದಲನೇ ಶತ್ರು. ಮುಂದಿನ ಪಂಖ ತಿರುಗಿದರೆ ನೆಲದ ಮಣ್ಣೆಲ್ಲ ಎದ್ದು ಕಾರ್ಬುರೇಟರಿಗೆ ನುಗ್ಗುತ್ತಿತ್ತು. ಬರೀ ನೆಲದ ಮೇಲೆ ಓಡಿಸಿದ್ದಕ್ಕೇ ಪಿಸ್ಟನ್ ಮೈಯೆಲ್ಲ ಗೀರು. ಅದಕ್ಕೆ ನಾನೊಂದು ಗಾಳಿಬಾಯಿ ಮಾಡಿದೆ. ಓಡುವ ಬಸ್ಸಿನ ಕಿಟಕಿಯಲ್ಲಿ ಚೀಲದ ಬಾಯಿ ಒಡ್ಡಿದರೆ ಗಾಳಿ ತಾನಾಗಿ ನುಗ್ಗಿ ಚೀಲ ಉಬ್ಬುತ್ತದಲ್ಲ, ಅದೇ ಉಪಾಯ. ತಗಡಿನ ಬಾಯಿ ಎದುರುಗಾಳಿಗೆ ಮುಖಮಾಡಿರಬೇಕು; ಬಾಯಿ ಚಿಕ್ಕದು, ಹಿಂದೆ ಹೊಟ್ಟೆ ದೊಡ್ಡದು. ಹೊಟ್ಟೆಗೆ ಬಂದ ಗಾಳಿ ನಿಧಾನವಾಗಿ, ದಟ್ಟವಾಗಿ ಇಂಜಿನ್ನಿಗೆ ಒತ್ತುತ್ತದೆ. ವೇಗ ಹೆಚ್ಚಿದಷ್ಟೂ ಉಸಿರು ಹೆಚ್ಚು. ಆ ಹೊಟ್ಟೆಯೊಳಗೆ ಧೂಳು ಸೋಸುವ ಜಾಲರಿ ಕೂರಿಸಬೇಕು.

ಜಾಲರಿಗೆ ಮೊದಲು ಪಂಚೆ ಬಟ್ಟೆ ಹಾಕಿದೆ, ಹರಿಯಿತು. ತೆಂಗಿನ ನಾರನ್ನು ಹರಳೆಣ್ಣೆಯಲ್ಲಿ ಅದ್ದಿ ತುರುಕಿದೆ. ಧೂಳೇನೋ ಹಿಡಿಯಿತು, ನಾರಿನ ಚೂರೇ ಕಿತ್ತುಕೊಂಡು ಒಳಗೆ ಹೋಯಿತು. ಆಗ ಕಣ್ಣಿಗೆ ಬಿದ್ದದ್ದು ಹೊಸ ಕಂಬಳಿ. ಅಕ್ಕನ ಬಾಣಂತನಕ್ಕೆಂದು ಅಮ್ಮ ಮುಳಬಾಗಿಲ ಸಂತೆಯಿಂದ ತರಿಸಿದ್ದು. ಬಾಣಂತಿ ಕಂಬಳಿಯನ್ನು ಅವಳು ಹೊದೆಯುವ ತನಕ ನೀರಿಗೆ ಹಾಕಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಅದು ಮಗ್ಗದಿಂದ ಇಳಿದ ಹಾಗೇ ಗಡುಸಾಗಿತ್ತು.

"ಹೊಸ ಕಂಬಳಿಗೆ ಕತ್ತರಿನಾ? ಕೈಗಿಷ್ಟು ಬೆಂಕಿ ಬೀಳ!" ಎಂದು ಅಮ್ಮ ಕೂಗಾಡಿದಳು. ಅಕ್ಕನೇ ಕತ್ತರಿ ತಂದು ಒಂದು ಮೂಲೆ ಕತ್ತರಿಸಿ ಕೊಟ್ಟಳು. "ಕೂಸಿಗೆ ಒಂದು ಮೂಲೆ ಕಮ್ಮಿ ಆದ್ರೆ ಏನಾಗಲ್ಲ ಬಿಡಮ್ಮ. ಅದರಪ್ಪ ನೆಟ್ಟಗೆ ವಾಪಸ್ ಬರ್ಲಿ."

ಒಣ ಬಿಸಿಲಲ್ಲಿ ಓಡಿಸಿ ನೋಡಿದೆವು. ಎಂಥಾ ಜಾಲರಿ ಅಂತೀರಿ! ಒಂದು ಕಣ ಧೂಳು ಒಳಗೆ ಹೋಗಲಿಲ್ಲ. ಇಂಜಿನ್ ಹಾಡಿದಂತೆ ಓಡಿತು. ನನಗೆ ಕೊಬ್ಬು ಬಂತು.

ಹಾರುವ ದಿನ ಮಾರ್ಗಶಿರದ ಬೆಳಗು. ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. "ಬಿಸಿಲು ಬರ್ಲಿ ತಡಿಯೋ" ಅಂದರು ಭಾವ. ನಾನು, ಮಹಾ ಪಂಡಿತ, "ಮಂಜಿಗೆ ಧೂಳು ಕೂತಿದೆ ಭಾವ, ಇದೇ ಒಳ್ಳೇದು, ಹೊರಡಿ. ತಡ ಮಾಡಿದ್ರೆ ನನಗೆ ಬಸ್ಸಿಗೆ ಹೊತ್ತಾಗುತ್ತೆ" ಅಂದೆ. ಬಸ್ಸಿಗೆ ಹೊತ್ತಾಗುತ್ತೆ ಅಂದೆ! ಈಗಲೂ ಆ ಮಾತು ನೆನೆದರೆ ನಾಲಿಗೆ ಕಿತ್ತು ಹಾಕೋಣ ಅನ್ನಿಸುತ್ತದೆ.

ಮಂಜು ತೆಳುವಾಗಿದ್ದ ಕಡೆ ಹೊರಟರು. ನಾನು ಪಕ್ಕದಲ್ಲೇ ಓಡಿದೆ. ವಿಮಾನ ನೆಲ ಬಿಟ್ಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಕೆಮ್ಮಿತು, ಕರೀ ಹೊಗೆ ಉಗುಳಿತು, ನಿಂತಿತು. ಆಮೇಲೆ ಸೌದೆ ಮುರಿದ ಸದ್ದು. ಹೊಲದ ಬದುವಿಗೆ ಬಡಿದಿತ್ತು. ನನ್ನ ಕೂಗಿಗೆ ಕುರಿ ಮೇಯಿಸುವವರು ಓಡಿಬಂದರು. ಎಲ್ಲರೂ ಸೇರಿ ಭಾವನನ್ನು ಎಳೆದೆವು. ಎಡಗಾಲು ಮಂಡಿಯ ಹತ್ತಿರ ನಜ್ಜುಗುಜ್ಜು.

ಅವರನ್ನು ಗಾಡಿಗೆ ಹತ್ತಿಸಿದ ಮೇಲೆ ಗಾಳಿಬಾಯಿ ಬಿಚ್ಚಿದೆ. ಕಂಬಳಿ ಚೂರು ಗಂಜಿಯಂತೆ ಲೋಳೆಯಾಗಿತ್ತು. ತುಟಿಗಿಟ್ಟು ಊದಿದೆ, ಉಸಿರು ಆಚೆ ಹೋಗಲಿಲ್ಲ. ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಸರಿ, ಅಂದರೆ ಅಂಟುಗಂಜಿ, ಹಚ್ಚುತ್ತಾರೆ; ತೊಳೆಯದ ಕಂಬಳಿಯಲ್ಲಿ ಅದು ಹಾಗೇ ಇರುತ್ತದೆ. ನೀರು ತಾಗಿದರೆ ಅದು ಉಬ್ಬಿ ಸಂದು ಮುಚ್ಚುತ್ತದೆ, ಮಳೆ ಒಳಗಿಳಿಯುವುದಿಲ್ಲ. ಹುಟ್ಟಿದಾಗಿನಿಂದ ಅಂಥ ಕಂಬಳಿಯ ಗೊಪ್ಪೆಯನ್ನು ತಲೆಮೇಲಿಂದ ಹಾಕಿಕೊಂಡು ಮಳೆಯಲ್ಲಿ ತಿರುಗಿದವನು ನಾನು. ಮಳೆಯನ್ನು ತಡೆಯುವುದು ಗಾಳಿಯನ್ನು ಬಿಟ್ಟೀತೇ? ನನ್ನ ಗಾಳಿಬಾಯಿ ಆ ಮಂಜನ್ನೆಲ್ಲ ಒತ್ತಿ ಒತ್ತಿ ಅದಕ್ಕೆ ಕುಡಿಸಿತ್ತು.

ಹೇಳಿದೆನಲ್ಲ, ಯಾರೂ ಒಪ್ಪಲಿಲ್ಲ. "ಕತ್ತರಿಸಿ ಕೊಟ್ಟೋಳು ನಾನು ಕಣೋ" ಅಂದಳು ಅಕ್ಕ. "ನಾನು ಬಿಡ್ತು ಅನ್ನದೆ ಬೆಂಕಿ ಬೀಳ ಅಂದೆ, ಅದಕ್ಕೇ ಆಯ್ತು" ಅಂದಳು ಅಮ್ಮ. ಭಾವನೋ, "ಇಳಿಸೋಕೆ ಬರದೇ ಇದ್ದೋನು ನಾನು" ಅಂದರು. ಕಾಲು ಕೂಡಿತು, ಮಂಡಿ ಮಡಚಲಿಲ್ಲ. ಕ್ಲಚ್ ತುಳಿಯಲಾರದವನಿಗೆ ಬಸ್ಸು ಯಾರು ಕೊಡುತ್ತಾರೆ? ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗಿ ಜನ ಹತ್ತಿಸುವ ಕೆಲಸಕ್ಕೆ ನಿಂತರು.

ಯುದ್ಧ ಬಂತು. ನನಗೆ ಬೆಂಗಳೂರಿನ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕೆಲಸವೂ ಎಂಥದ್ದು ನೋಡಿ: ಗಾಳಿಜಾಲರಿ ತೊಳೆದು, ಎಣ್ಣೆ ಹಾಕಿ, ಕೂರಿಸುವುದು! ಭಾವನ ಹುಚ್ಚಿನ ಅನ್ನ ನಾನು ಉಣ್ಣುತ್ತಿದ್ದೆ. ಪ್ರತಿ ಜಾಲರಿಯನ್ನೂ ನೀರಿಗೆ ಅದ್ದಿ ಊದಿ ನೋಡುತ್ತಿದ್ದೆ, ಜೊತೆಯವರು ನಗುತ್ತಿದ್ದರು. ರಜೆ ಸಿಕ್ಕಾಗಲೆಲ್ಲ ಶ್ರೀನಿವಾಸಪುರಕ್ಕೆ ಓಡುತ್ತಿದ್ದೆ. ಕೂತ ಕೂಡಲೇ ಅದೇ ರಾಗ: ಭಾವ, ನಾನು ಅವತ್ತು ನಿಮ್ಮನ್ನು ಹೊರಡಿಸಬಾರದಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಾನು ರಾಗ ತೆಗೆದೆ. ಭಾವ ತಟ್ಟೆ ದೂಡಿದರು.

"ಒರೇಯ್, ಸಾಕು ಮಾಡೋ! ಬಾಳಲ್ಲಿ ಒಂದೇ ಸಲ ನಾನು ನೆಲ ಬಿಟ್ಟಿದ್ದು. ಊರೋರು ಅದನ್ನ ಬಿದ್ದಿದ್ದು ಅಂತಾರೆ. ನೀನೂ ಬಂದಾಗೆಲ್ಲ ಬಿದ್ದಿದ್ದನ್ನೇ ಹೇಳ್ತೀಯ. ಮಂಜಲ್ಲಿ ನಾನು ಹಾರಿದ್ದು ನೋಡಿದೋನು ನೀನೊಬ್ಬನೇ ಕಣೋ. ನೀನೇ ಹೇಳ್ದೆ ಇದ್ರೆ ಇನ್ಯಾರು ಹೇಳ್ತಾರೆ?"

ಅವರ ಕಾಲನ್ನು ಕಂಬಳಿ ತಿಂದಿತ್ತು. ಉಳಿದಿದ್ದೊಂದನ್ನು, ಆ ಹಾರಾಟವನ್ನು, ಇಷ್ಟು ವರ್ಷ ನನ್ನ ಅಳು ತಿನ್ನುತ್ತಿತ್ತು. ತುತ್ತು ಕೈಯಲ್ಲೇ ಹಿಡಿದು ಹೇಳಿದೆ: ಮೊದಲು ಹಿಂದಿನ ಬಾಲ ಎದ್ದಿತು ಭಾವ. ಆಮೇಲೆ ಚಕ್ರದ ಕೆಳಗೆ ಹುಲ್ಲು ಕಂಡಿತು. ಬದುವಿನ ಪಕ್ಕದ ಜಾಲಿಗಿಂತ ಮೇಲಿದ್ರಿ ನೀವು. ನೀವು ನಗ್ತಾ ಇದ್ರಿ, ನಂಗೆ ಕೇಳಿಸ್ತು.

ಅಕ್ಕ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನಗ್ತಿದ್ರಾ?" ಅಂದಳು. ಅಲ್ಲಿಯ ತನಕ ಅವಳಿಗೂ ನಾನು ಅದನ್ನು ಹೇಳಿರಲಿಲ್ಲ.