ಗೋಡೆಯ ಮೇಲಿನ ದೊರೆಗೊಂದು ಎಡೆ

ಗೋಡೆಯ ಮೇಲಿನ ಪಟ ಒಂದಿಷ್ಟೂ ವಾಲದೆ ನೆಟ್ಟಗೆ ತೂಗುತ್ತಿದ್ದರೆ ನನಗೆ ಆ ಮನೆಯ ಮೇಲೆಯೇ ಅನುಮಾನ ಬರುತ್ತದೆ. ಸಂಸಾರವಂದಿಗರ ಮನೆಯಲ್ಲಿ ಮೊಳೆ ಹೊಡೆಯುವವನು ಯಜಮಾನ, ಕೆಳಗೆ ನಿಂತು ಎಡಕ್ಕೆ ಬಲಕ್ಕೆ ಎಂದು ಆಜ್ಞಾಪಿಸುವವಳು ಯಜಮಾನಿ. ಇಬ್ಬರಲ್ಲಿ ಒಮ್ಮತ ಮೂಡುವಷ್ಟರಲ್ಲಿ ಗಾರೆ ಉದುರಿ ಪಟ ತನಗೆ ತೋಚಿದ ಕಡೆಗೆ ವಾಲಿರುತ್ತದೆ. ನನ್ನನ್ನು ಸಂಶಯಪಿಶಾಚಿ ಎಂದರೆ ಬೇಸರವಿಲ್ಲ. ಆ ಬಿರುದನ್ನು ನನ್ನ ಹೆಂಡತಿ ಎಂದೋ ದಯಪಾಲಿಸಿದ್ದಾಳೆ. ಹಾಲು ನೀರಾಗಿದ್ದರೆ ಎಲ್ಲರೂ ಸಂಶಯಿಸುತ್ತಾರೆ, ಗಟ್ಟಿಯಾಗಿದ್ದರೂ ಏನು ಬೆರೆಸಿದ್ದಾನೋ ಎಂದು ಯೋಚಿಸುವವನು ನಾನು.

ಪಾಲಿಬೆಟ್ಟದ ಹತ್ತಿರ ನನ್ನ ಅಕ್ಕನ ಗಂಡ, ಅಂದರೆ ಭಾವ, ಕೊಂಡುಕೊಂಡ ಹಳೇ ಬಂಗಲೆಯ ಪಡಸಾಲೆಯಲ್ಲಿ ಅಂಥದೊಂದು ನೆಟ್ಟಗಿನ ಪಟವಿತ್ತು. ಕೆಂಪು ಕೆನ್ನೆ, ಗಲ್ಲಮೀಸೆ, ಕೋಟಿನಿಂದ ಇಳಿಬಿದ್ದ ಗಡಿಯಾರದ ಸರಪಳಿಯ ಬಿಳಿ ದೊರೆ. ಬಂಗಲೆಯನ್ನು ಹೋಮ್‌ಸ್ಟೇ ಮಾಡಿದ ಭಾವ ಅತಿಥಿಗಳಿಗೆ ಕಾಫಿಯ ಜೊತೆ ಇತಿಹಾಸವನ್ನೂ ಬಡಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಬ್ಯಾಂಕು ನಡೆಸಿ ಐಶ್ವರ್ಯವಂತರಾದ ಮನೆತನವೊಂದಿತ್ತಂತೆ. ಆ ಅಣ್ಣತಮ್ಮಂದಿರು ಪೇಟೆಯಲ್ಲಿ ಗಳಿಸಿ ಹಳ್ಳಿಯಲ್ಲಿ ಮಹಲು ಕಟ್ಟುವವರು. ಒಬ್ಬನದಕ್ಕೆ ಗೋಪುರವೆದ್ದರೆ ಇನ್ನೊಬ್ಬನದಕ್ಕೆ ಸರೋವರ, ಮತ್ತೊಬ್ಬನದಕ್ಕೆ ಜಿಂಕೆಗಳ ಉಪವನ. ಕಟ್ಟಲು ಅಲ್ಲಿ ಗುಡ್ಡಗಳೇ ಮುಗಿದಾಗ ಕಿರಿಯವನೊಬ್ಬ ಕೊಡಗಿಗೆ ಬಂದು, ತನಗೆ ದಕ್ಕದ ಮಹಲಿನ ಮರಿಯೊಂದನ್ನು ಕಾಫಿ ತೋಟದ ನಡುವೆ ಕಟ್ಟಿಸಿದನಂತೆ. ಪಟದಲ್ಲಿರುವವನು ಅವನೇ.

ಕಥೆ ಚೆನ್ನಾಗಿತ್ತು, ಅದೇ ನನಗೆ ಅನುಮಾನ. ಆ ಮನೆತನವೂ ಮಹಲುಗಳೂ ಇದ್ದದ್ದು ನಿಜವೆಂದು ಓದಿ ತಿಳಿದೆ. ಕಿರಿಯವನು ಮಾತ್ರ ಭಾವನ ಬಾಯಲ್ಲಲ್ಲದೆ ಬೇರೆಲ್ಲೂ ಸಿಗಲಿಲ್ಲ. ಪಟ್ಟು ಹಿಡಿದು ಕೇಳಿದಾಗ, ಪಟವನ್ನು ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದೆಂದು ಒಪ್ಪಿಕೊಂಡ ಭಾವ, ಇತಿಹಾಸಕ್ಕೊಂದು ಮುಖ ಬೇಡವೇ ಎಂದು ನನ್ನನ್ನೇ ಕೇಳಿದರು.

ಹೀಗಿರುವಾಗ ಅದೇ ಮನೆತನದ ವೃದ್ಧೆಯೊಬ್ಬಳು ಈ ಇತಿಹಾಸವನ್ನು ಹೋಮ್‌ಸ್ಟೇಯ ಜಾಲತಾಣದಲ್ಲಿ ಓದಿ, ತನ್ನ ಹಿರಿಯನನ್ನು ನೋಡಲು ಹೊರಟಿರುವುದಾಗಿ ತಿಳಿಸಿದಳು. ಭಾವನ ಮುಖ ಬಿಳಿಚಿಕೊಂಡಿತು. ಪಟವನ್ನು ಇಳಿಸಿ ಅಟ್ಟಕ್ಕೆ ಹಾಕಿ ಎಂದು ನಾನು ಸಲಹೆ ಕೊಟ್ಟೆ. ಅಡ್ಡ ಬಂದವಳು ಅಕ್ಕ. ಸಂಪಾಜೆಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಗತಿಸಿದ ಹಿರಿಯರಿಗೆ ಎಲೆ ಹಾಕಿ, ಮಾಂಸದಡುಗೆ ಬಡಿಸಿ, ಒಂದು ಗ್ಲಾಸು ಮದ್ಯವಿಟ್ಟು ಕೈಮುಗಿಯುತ್ತೇವೆ. ಅದನ್ನು ಇಲ್ಲಿಯೂ ನಡೆಸುತ್ತಿದ್ದ ಅವಳು, ನಮ್ಮವರು ಉಣ್ಣುವಾಗ ದೊರೆಯೊಬ್ಬನೇ ಗೋಡೆಯಿಂದ ನೋಡುತ್ತಿರುವುದನ್ನು ತಾಳಲಾರದೆ, ಮೊದಲ ವರ್ಷದಿಂದಲೇ ಅವನಿಗೂ ಹಂದಿ ಸಾರು, ಕಡುಬು, ಬ್ರಾಂದಿ ಇಡುತ್ತ ಬಂದಿದ್ದಳು!

"ಎಡೆ ಇಟ್ಟವನ ಇಳ್ಸಿ ಅಟ್ಟಕ್ಕೆ ಹಾಕಿಕೆ ಆದೆನಾ ತಮ್ಮಾ? ಅಂವ ಎಲ್ಲಿಗೆ ಹೋಕು?" ಎಂದು ನಮ್ಮ ಮನೆಮಾತಿನಲ್ಲಿ ಕೇಳಿದಳು; ಎಡೆ ಉಂಡವನು ಇನ್ನೆಲ್ಲಿಗೆ ಹೋಗಬೇಕು ಎಂದು. ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯಿರಬೇಕೆಂದು ಅನುಮಾನಿಸಿ ಸುತ್ತ ನೋಡಿದೆ; ಈರುಳ್ಳಿ ಇರಲಿಲ್ಲ.

ವೃದ್ಧೆ ಬಂದದ್ದು ಎಡೆಯ ದಿನವೇ. ಪಟದ ಮುಂದೆ ಹಬೆಯಾಡುವ ಎಲೆಯನ್ನು ಕಂಡು, ಇದೇನೆಂದು ಕೇಳಿ, ಕನ್ನಡಕವೇರಿಸಿ ಬಹಳ ಹೊತ್ತು ದೊರೆಯನ್ನು ದಿಟ್ಟಿಸಿದಳು. ಆಮೇಲೆ ಕುಳಿತು ತನ್ನವರ ಮಹಲುಗಳ ಕಥೆ ಹೇಳಿದಳು. ಒಂದು ಈಗ ಶಾಲೆ, ಒಂದು ಹೋಟೆಲು. ತನ್ನ ತಂದೆ ಹುಟ್ಟಿದ ಕೋಣೆಯನ್ನು ಅವಳು ಟಿಕೆಟ್ಟು ಕೊಂಡು, ಪ್ರೇಕ್ಷಕರನ್ನು ತಡೆಯುವ ಹಗ್ಗದ ಈಚೆ ನಿಂತು ನೋಡಿ ಬಂದಳಂತೆ. ಹಿರಿಯರ ಪಟಗಳೆಲ್ಲ ಹರಾಜಿನಲ್ಲಿ ಚದುರಿಹೋಗಿವೆ. ಕೊನೆಗೆ ಮೆಲ್ಲಗೆ, ಇವರು ನಮ್ಮವರಲ್ಲ ಎಂದಳು.

ಭಾವ ನೆಲ ನೋಡಿದರು. ನನ್ನ ಸಂಶಯಕ್ಕೆ ಜಯವಾದ ಆ ಗಳಿಗೆಯಲ್ಲಿ ನನಗೆ ಕಿಂಚಿತ್ತೂ ಸಂತೋಷವಾಗಲಿಲ್ಲ. ಏನಂತೆ ಎಂದು ಕೇಳಿದ ಅಕ್ಕನಿಗೆ ವಿಧಿಯಿಲ್ಲದೆ ಕನ್ನಡದಲ್ಲಿ ಹೇಳಿದೆ. ಅವಳು ಯೋಚಿಸಲೂ ಇಲ್ಲ.

"ಹಂಗಾರೆ ಅಂವ ನಮ್ಮಂವನೇ," ಎಂದು ಗ್ಲಾಸಿಗೆ ಇನ್ನಷ್ಟು ಬ್ರಾಂದಿ ಸುರಿದಳು.

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ವೃದ್ಧೆ, ತನ್ನವರಿಗೂ ಒಂದು ಎಲೆ ಹಾಕಬಹುದೇ, ತನ್ನಲ್ಲಿ ಪಟವಿಲ್ಲ ಎಂದು ಕೇಳಿದಳು. ಅಕ್ಕ ಪಕ್ಕದ ಬರಿಗೋಡೆಯ ಕೆಳಗೆ ಇನ್ನೊಂದು ಎಲೆ ಹಾಸಿದಳು. ಇವಳಾದರೂ ಆ ಮನೆತನದವಳು ಎನ್ನುವುದಕ್ಕೆ ಏನು ಆಧಾರವೆಂದು ನನ್ನೊಳಗಿನ ಪಿಶಾಚಿ ಪಿಸುಗುಟ್ಟಿತು. ಎಲೆಯ ಮುಂದೆ ಕಣ್ಣುಮುಚ್ಚಿ ನಿಂತವಳನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಭಾವ ಈಗ ಇತಿಹಾಸ ಹೇಳುವುದನ್ನು ಬಿಟ್ಟಿದ್ದಾರೆ. ಪಟದಲ್ಲಿರುವವರು ಯಾರೆಂದು ಅತಿಥಿಗಳು ಕೇಳಿದರೆ, ನನ್ನ ಹೆಂಡತಿಯ ಕಡೆಯ ಹಿರಿಯರು ಎನ್ನುತ್ತಾರೆ. ಹಾಗಾದರೆ ಆ ಗಲ್ಲಮೀಸೆಯ ದೊರೆ ನನಗೂ ಏನಾದರೂ ಆಗಲೇಬೇಕು. ಮೊನ್ನೆ ಹೋದಾಗ ನೋಡಿದೆ, ಅಕ್ಕ ಒರೆಸಿ ಒರೆಸಿ ಪಟ ಒಂದು ಕಡೆಗೆ ವಾಲಿದೆ. ನೆಟ್ಟಗೆ ಮಾಡಲು ಎದ್ದ ಭಾವನನ್ನು ತಡೆದು ಕೂರಿಸಿದೆ.